ಮೂರು ಗಂಟೆಯ ರೈಟು

ಗ್ರಿಮ್ಸ್‌ಬಿಯಲ್ಲಿ ರಾತ್ರಿಪಾಳಿ ಎಂದರೆ
ಹದಿನಾಲ್ಕು ಬಾಗಿಲು, ಒಂದು ಟಾರ್ಚು,
ಎರಡು ತಾಸಿಗೊಮ್ಮೆ ಒಳಗಿಣುಕಿ
ಉಸಿರಿದೆಯೇ, ಹೊದಿಕೆ ಜಾರಿದೆಯೇ ನೋಡಿ
ಗೋಡೆಯ ಹಾಳೆಯಲ್ಲಿ ಒಂದೊಂದು ರೈಟು.
ಹನ್ನೊಂದು, ಒಂದು, ಮೂರು, ಐದು.

ಮೊನ್ನೆ ಮಂಗಳವಾರ ಮೂರಕ್ಕೆ ನಾನು ಏಳಲಿಲ್ಲ.
ನಿದ್ದೆಯಲ್ಲ. ನಿದ್ದೆಯಾಗಿದ್ದರೆ ಹೇಳಿಕೊಳ್ಳಬಹುದಿತ್ತು,
ತೋಟದಲ್ಲಿ ತೂಕಡಿಸಿದ ಶಿಷ್ಯರ ಸಾಲಿನಲ್ಲಿ
ಒರಗಲು ನನಗೂ ಒಂದು ಕಲ್ಲು ಸಿಗುತ್ತಿತ್ತು.
ಎಚ್ಚರವಾಗಿಯೇ ಇದ್ದೆ.
ಅಡುಗೆಮನೆಯ ಹೀಟರಿಗೆ ಕಾಲು ಚಾಚಿ
ತಂಗಿ ಕೊಂಡ ಹೊಸ ಸೋಫಾಕ್ಕೆ
ಎಷ್ಟು ಬಿದ್ದಿರಬಹುದೆಂದು ಫೋನಿನಲ್ಲಿ ಹುಡುಕುತ್ತಿದ್ದೆ.
ಮೂರೂ ಇಪ್ಪತ್ತಕ್ಕೆ ಹಾಳೆಯ ಮುಂದೆ ನಿಂತು
ಹದಿನಾಲ್ಕು ರೈಟು ಎಳೆದೆ, ಒಂದೇ ಉಸಿರಿಗೆ.
ಕೈ ನಡುಗಲಿಲ್ಲ.
ಈಗ ನಡುಗಿಸುವುದು ಅದೇ.

ಒಂಬತ್ತನೆಯ ಕೋಣೆಯ ಕ್ಲಿಫರ್ಡ್ ಬ್ಲಾಂಚರ್ಡ್
ಉತ್ತರದ ಹಿಮನೀರಲ್ಲಿ ಇಪ್ಪತ್ತು ವರ್ಷ ಟ್ರಾಲರ್ ಕಾದವನು.
ಕಣ್ಣಿಗೆ ಮಂಜು ಕವಿದಿದೆ, ಕಿವಿ ಮಾತ್ರ ಇನ್ನೂ ಹಡಗಿನ ಮೇಲಿದೆ.
ಬೆಳಿಗ್ಗೆ ಗಂಜಿಯ ಎರಡು ಚಮಚೆಗಳ ನಡುವೆ ಹೇಳಿದ,
ದೂರಿನ ದನಿಯಲ್ಲಲ್ಲ, ಹವೆಯ ಸುದ್ದಿ ಹೇಳುವವನ ಹಾಗೆ:
"ಮೂರರ ಪಾಳಿಗೆ ನೀನು ಬರಲಿಲ್ಲ.
ಇರಲಿ, ನಾನು ಎದ್ದೇ ಇದ್ದೆ.
ಗೋಡೆಗೆ ಕಿವಿ ಹಚ್ಚಿ ಕೇಳಿದೆ, ಎಲ್ಲರೂ ಉಸಿರಾಡುತ್ತಿದ್ದರು.
ಎಂಟರವಳು ಸ್ವಲ್ಪ ಕೆಮ್ಮಿದಳು, ಅಷ್ಟೆ."

ಚಮಚೆ ಹಾಗೇ ನಿಂತಿತು ನನ್ನ ಕೈಯಲ್ಲಿ.
ಹೊರಗೆ ಡಾಕಿನ ಕಡೆಯಿಂದ ಕಡಲಹಕ್ಕಿಗಳು
ಒಂದರ ಮೇಲೊಂದು ಬಿದ್ದು ಕಿರುಚಿದವು.
ಹುಂಜವೇ ಕೂಗಬೇಕೆಂದೇನೂ ಇಲ್ಲ.

ಬೆಟಗೇರಿಯ ಮಿಷನ್ ಕಾಂಪೌಂಡಿನಲ್ಲಿ ಕರುಣವ್ವ ಚಿಗವ್ವ
ಕಂದೀಲು ಸಣ್ಣ ಮಾಡುವ ಮುನ್ನ
ಕೌದಿ ಎತ್ತಿ ಝಾಡಿಸುತ್ತಿದ್ದಳು, ಚೇಳಿಗೆ ಹೆದರಿ.
"ಹಾಸಿಗಿ ಝಾಡಿಸಿದ್ರ ಆತೇನವಾ?
ಎದಿನೂ ಒಮ್ಮೆ ಝಾಡಿಸಿ ನೋಡು.
ಕುಟುಕೂದು ಅಲ್ಲೇ ಬೆಚ್ಚಗ ಕುಂತಿರತೈತಿ."
ನಾವು ಫ್ರಾಕಿನ ಎದೆ ಕೊಡವಿ ನಗುತ್ತಿದ್ದೆವು,
"ಏನಿಲ್ಲ ಚಿಗವ್ವಾ, ಬರೇ ಚುರಮುರಿ!"

ಆ ಬೆಳಿಗ್ಗೆ, ಬಸ್ಸಿನ ಹಿಂದಿನ ಸೀಟಿನಲ್ಲಿ ಝಾಡಿಸಿದೆ.
ಮೂರರ ರೈಟೊಂದೇ ಬೀಳುತ್ತದೆ ಅಂದುಕೊಂಡಿದ್ದೆ.
ಬಿದ್ದವು ನೋಡು:
ಕಾಣಿಕೆ ತಟ್ಟೆಯಲ್ಲಿ ನೋಟಿನ ಅಂಕಿ ಮೇಲಾಗಿಸುವ ಬೆರಳು,
ಪರರಿಗಾಗಿ ಬೇಡುವ ನೆಪದಲ್ಲಿ
ಅವರ ಮನೆಯ ಜಗಳವನ್ನೆಲ್ಲ
ಸಭೆಗೆ ಕೇಳುವಂತೆ ದೇವರಿಗೆ ವರದಿ ಮಾಡುವ ನಾಲಿಗೆ.
ಇನ್ನೂ ಇದ್ದವು. ನನ್ನ ನಿಲ್ದಾಣ ಬಂತು, ಇಳಿದೆ.

ರಾತ್ರಿ ಹಾಳೆ ಕೆಳಗಿಳಿಸಿ ಮಂಗಳವಾರದ ಸಾಲಿಗೆ
ಸ್ಕೇಲಿಟ್ಟು ಗೆರೆ ಎಳೆದೆ. ಪಕ್ಕದಲ್ಲಿ ಬರೆದೆ:
ನೋಡಲಿಲ್ಲ.
ಶುಕ್ರವಾರ ಮ್ಯಾನೇಜರಮ್ಮ ಬಿಳಿ ಲಕೋಟೆ ಕೊಟ್ಟಳು.
ನಮ್ಮ ಭಾಷೆಯಲ್ಲಿ ಅದಕ್ಕೆ ಎಚ್ಚರಿಕೆ ಪತ್ರ ಎನ್ನುತ್ತಾರೆ;
ಹೆಸರಿಟ್ಟವರು ತಿಳಿದವರೇ ಇರಬೇಕು.

ಕರ್ತನೇ, ಇದನ್ನೂ ಬರೆದುಕೋ:
ಆ ಗೆರೆ ಎಳೆಯುವಾಗ
ಕಾರಿಡಾರಿನ ಕಡೆ ಒಮ್ಮೆ ಕತ್ತು ತಿರುಗಿಸಿದೆ,
ಯಾರಾದರೂ ನೋಡುತ್ತಿದ್ದಾರೆಯೇ ಎಂದು.
ನೋಡಲಿ ಎಂದು.
ಝಾಡಿಸಿದ ಕೌದಿಯೊಳಗೇ
ಮತ್ತೆ ಬಂದು ಕೂತಿತ್ತು, ಬೆಚ್ಚಗೆ.

ನಾನು ಏಳದ ಆ ಮೂರು ಗಂಟೆಯಲ್ಲಿ
ನನ್ನ ಉಸಿರನ್ನು ಯಾವ ಗೋಡೆಗೆ ಕಿವಿ ಹಚ್ಚಿ
ಯಾರು ಕೇಳಿಸಿಕೊಂಡರು?

ಇವತ್ತು ಮೂರಕ್ಕೆ ಒಂಬತ್ತರ ಬಾಗಿಲು ತಳ್ಳಿದೆ, ಟಾರ್ಚು ಹಚ್ಚದೆ.
"ಯಾರು?" ಅಂದ ಕತ್ತಲೊಳಗಿಂದ.
ನಾನು, ಅಂದೆ.
"ಬಂದೆಯಾ. ಹಾಗಾದರೆ ನಾನಿನ್ನು ಮಲಗುತ್ತೇನೆ,"
ಎಂದು ಗೋಡೆಯ ಕಡೆ ಮಗ್ಗುಲಾದ.
ಅವನ ಉಸಿರು ನಿಧಾನವಾಗುವ ತನಕ
ಬರಿಗೈಯಲ್ಲಿ ನಿಂತಿದ್ದೆ.
ರೈಟು ಆಮೇಲೆ.