ಬರಿ ಮೊರ

ರಾತ್ರಿ ಹನ್ನೊಂದೂವರೆಗೆ ಫೋನು ನಡುಗಿತು.
"ನಮ್ಮ ವಂಶಾವಳಿ ಕಳಿಸಿ. ಏಳು ತಲೆಮಾರು. ಅರ್ಜೆಂಟ್."
ಹೆಸರಿಲ್ಲ, ಊರಿಲ್ಲ,
ಉಂಡೆಯಾ ಎಂಬ ಮಾತಿಲ್ಲ.
ಬೆಳಗಾಗುವುದರೊಳಗೆ ಇನ್ನೂ ಮೂರು ಪ್ರಶ್ನೆಚಿಹ್ನೆ
ಕಸಾಯಿ ಅಂಗಡಿಯ ಕೊಕ್ಕೆಗಳ ಹಾಗೆ ಸಾಲಾಗಿ.

ಜಗಳೂರಿನಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ,
ತಾಲ್ಲೂಕು ಕಚೇರಿಯ ಎದುರಿಗೆ.
ಮಿಷನ್ನಿನ ಪಕ್ಕದ ಟ್ರಂಕಿನಲ್ಲಿ
ಅಜ್ಜ, ಹೆಳವರ ದುರುಗಪ್ಪ, ಬಿಟ್ಟುಹೋದ
ನಲವತ್ತೊಂದು ಪುಸ್ತಕ, ಒಣ ಬೇವಿನೆಲೆ, ಒಂದು ಗಂಟೆ.

ಅಜ್ಜ ಎತ್ತಿನ ಮೇಲೆ ಕೂತು ಊರು ಹೊಕ್ಕರೆ
ನಮ್ಮಪ್ಪನ ಅಪ್ಪ ಯಾರೋ ಅಂತ
ಬಾಗಿಲಲ್ಲೇ ಯಾರೂ ಕೂಗುತ್ತಿರಲಿಲ್ಲ.
ಮೊದಲು ಕಂಬಳಿ ಹಾಸಬೇಕು.
ಎತ್ತಿಗೆ ಹಿಂಡಿ, ಅಜ್ಜನಿಗೆ ನೀರು, ಬೆಲ್ಲ.
ಆಮೇಲೆ ಮನೆಯ ಹಿರೀಕ ತನಗೆ ಗೊತ್ತಿದ್ದಷ್ಟು ತಾನೇ ಹೇಳಿ
"ಇಲ್ಲಿಗೆ ನನ್ನ ಹಗ್ಗ ಮುಗೀತು,
ಮುಂದೆ ನೀನೇ ಸೇದಪ್ಪ" ಅನ್ನುತ್ತಿದ್ದ.
ಅಜ್ಜ ಕಣ್ಣು ಮುಚ್ಚುತ್ತಿದ್ದ.
ಸತ್ತವರು ಒಬ್ಬೊಬ್ಬರೇ ಚಪ್ಪಲಿ ಬಿಟ್ಟು
ಒಳಗೆ ಬರುತ್ತಿದ್ದರು.
ಹೊರಡುವಾಗ ಮೊರದ ತುಂಬ ಜೋಳ.
ಒಂದು ವರ್ಷ ಬರಿ ಮೊರ ಹಿಡಿದು ಬಂದು
ತಲೆ ತಗ್ಗಿಸಿ ನಿಂತ ಮುದುಕಿಗೂ
ಏಳಕ್ಕೆ ಒಂದು ಕಮ್ಮಿ ಹೇಳಲಿಲ್ಲವಂತೆ.

ಆ ಹನ್ನೊಂದೂವರೆಯವನಿಗೆ ನಾನು ಉತ್ತರ ಬರೆಯಲಿಲ್ಲ.
ಕೊಬ್ಬು ನನಗೂ ಇತ್ತು.

ಅದೇ ವಾರ ಅವ್ವ ಕೇಳಿದಳು:
"ಊರವರ ತಲೆಯೆಲ್ಲ ಎಣಿಸಿದ ಮನೆಯಲ್ಲ ಇದು,
ನನ್ನ ಹಡೆದವ್ವನ ತವರು ಯಾರ ಮನೆ, ಹೇಳು."
ನಲವತ್ತೊಂದೂ ಮಗುಚಿದೆ.
ಗಂಡಸರು ಗಂಡಸರನ್ನು ಹಡೆದಿದ್ದರು,
ಪುಟದಿಂದ ಪುಟಕ್ಕೆ.
ಒಂದು ಅಂಚಿನಲ್ಲಿ ಮಾತ್ರ, ಪೆನ್ಸಿಲಿನಲ್ಲಿ,
"ತಿಪ್ಪವ್ವ, ಕೊಂಡ್ಲಹಳ್ಳಿ ಕಡೆಯಾಕೆ."

ಕೊಂಡ್ಲಹಳ್ಳಿಯಲ್ಲಿ ನನಗೆ ಯಾರೂ ಗೊತ್ತಿಲ್ಲ.
ಓಬಕ್ಕ ಅಂತ ಒಬ್ಬರು, ಮೇಷ್ಟರ ಹೆಂಡತಿ,
ಹಳೇ ಹೆಸರುಗಳನ್ನು ಕೂಡಿಡುತ್ತಾರಂತೆ.
ಯಾರದೋ ಕೈಯಿಂದ ನಂಬರು ಸಿಕ್ಕಿತು.

ಬರೆದೆ: "ತಿಪ್ಪವ್ವನ ಮಾಹಿತಿ ಬೇಕಿತ್ತು."
ಕೊಕ್ಕೆ ಕಂಡಿತು. ಅಳಿಸಿದೆ.
ಬರೆದೆ: "ಪೂಜ್ಯರೇ, ತಮ್ಮ ಪಾದಾರವಿಂದಗಳಿಗೆ"
ನಗು ಬಂತು. ಅಳಿಸಿದೆ.
ಯಾರೋ ಬಂದು ಪಹಣಿ ನಾಲ್ಕು ಪ್ರತಿ ತೆಗೆಸಿಕೊಂಡು ಹೋದರು.
ಕಡೆಗೆ ಅಕ್ಷರದ್ದೇ ಒಂದು ಕಂಬಳಿ ಹಾಸಿದೆ:

"ಅಕ್ಕಾ, ನಾನು ಹನುಮಕ್ಕ, ಜಗಳೂರಿನ ಹೆಳವರ ಮನೆಯವಳು.
ನೀವು ನನ್ನನ್ನು ಅರಿಯಿರಿ, ಅರಿಯಬೇಕಾದ ಋಣವೂ ನಿಮಗಿಲ್ಲ.
ನನಗೆ ಗೊತ್ತಿರುವುದು ಇಷ್ಟು: ತಿಪ್ಪವ್ವ,
ಎಡಗೆನ್ನೆಯ ಮೇಲೆ ಹಚ್ಚೆ,
ಕೂಸು ಹೆತ್ತ ಹದಿಮೂರನೇ ದಿನಕ್ಕೆ ಹೋದಳು.
ಉಳಿದದ್ದೆಲ್ಲ ಗೊತ್ತಿಲ್ಲದ್ದು.
ಪುರುಸೊತ್ತಾದರೆ ನೋಡಿ, ಆಗದಿದ್ದರೆ ಬ್ಯಾಡ.
ಬದುಕಿರುವವರಿಗೆ ನೋವಾಗುವ ಮಾತೇನಾದರೂ ಇದ್ದರೆ
ಅದು ನಿಮ್ಮಲ್ಲೇ ಇರಲಿ.
ನಿಮ್ಮೂರವರು ನಮ್ಮ ಟ್ರಂಕಿನಲ್ಲಿದ್ದರೆ ಹುಡುಕಿ ಕೊಡುತ್ತೇನೆ,
ಇದಕ್ಕೆ ಬದಲೆಂದಲ್ಲ."

ಒಂಬತ್ತು ದಿನ ಏನೂ ಇಲ್ಲ.
ಮೂರು ಕೊಕ್ಕೆ ಕಳಿಸಲು ಬೆರಳು ತುರಿಸಿತು,
ಫೋನನ್ನು ಟ್ರಂಕಿನ ಮೇಲೆ ಬೋರಲು ಹಾಕಿದೆ.

ಹತ್ತನೆಯ ದಿನ:
"ನನಗೆ ತಿಳೀದು ತಾಯಿ. ನಮ್ಮತ್ತೆನ್ನ ಕೇಳಬೇಕು.
ಬೆಳಗಿನ ಹೊತ್ತು ಅವರ ಕಿವಿ ಒಂದಿಷ್ಟು ನೆಟ್ಟಗಿರುತ್ತೆ.
ಕೆನ್ನೆಯ ಹಚ್ಚೆ ಎಂಥದು? ಚುಕ್ಕಿಯೋ, ಚೇಳೋ?"

ಅವ್ವನನ್ನು ಕೇಳಿದೆ.
ಹದಿಮೂರು ದಿನ ಅಷ್ಟೇ ಆ ಕೆನ್ನೆ ಕಂಡ ಅವ್ವ
ತನ್ನ ಎಡಗೆನ್ನೆ ಮುಟ್ಟಿಕೊಂಡು ಸುಮ್ಮನಾದಳು.

ಆ ರಾತ್ರಿ, ಬರಿ ಮೊರ ಹಿಡಿದು ನಿಂತವನಿಗೆ ಬರೆದೆ:
"ಊಟ ಆಯ್ತೇನಪ್ಪಾ? ಯಾವೂರು ನಿಮ್ಮದು?"
ಆ ಕಡೆ ಅವನು ಬರೆಯುತ್ತಿದ್ದ,
ಅಳಿಸುತ್ತಿದ್ದ,
ಬರೆಯುತ್ತಿದ್ದ.