ಒಂದು ರಿಂಗಿಗೆ ಒಂದು ಗೇಟು

ಸಮುದ್ರ ಹೇಳಿ ಬರತದ, ಅಂತಿದ್ದ ಸಾಬಣ್ಣ ಕಾಕಾ.
ಮಲ್ಪೆ ಅಳಿವ್ಯಾಗ ಒಂಬತ್ತು ವರ್ಷ ಬಲಿ ಎಳದವ,
ಉಪ್ಪಿಗೆ ಬೆರಳಗೆರಿ ಸವದು
ರೇಷನ್ ಮಷೀನಿಗೂ ಹೆಬ್ಬೆಟ್ಟು ಹತ್ತದವ.

ದಿನಕ ಎರಡು ಸಲ ಏರತದ, ಎರಡು ಸಲ ಇಳೀತದ,
ನಿನ್ನಿಗಿಂತ ಇವತ್ತ ಮುಕ್ಕಾಲು ತಾಸು ತಡ.
ಅಮಾಸಿ ಹುಣ್ಣಿವಿಗೆ ಸೊಕ್ಕತದ, ಅಷ್ಟಮಿಗೆ ಸುಮ್ಕಾಗತದ.
ಏರಿನ ಸಂಗಾಟ ಮೀನು
ಮೊಣಕಾಲ ನೀರಿಗೆ ಮೇಯಾಕ ಬರತಾವ,
ಇಳಿಯೂ ಹೊತ್ತಿಗೆ ಬಲಿ ಕಟ್ಟಿ ಬೀಡಿ ಸೇದಕೋತ ಕುಂತರ ಆತು,
ನೀರು ತಾನ ತಂದುಕೊಟ್ಟು ಹೋಗತದ
ಕೈಗಡ ತೀರಸೋ ಮರ್ಯಾದಸ್ಥನಂಗ.

ಇದು ಭೀಮಾ.
ಯಾದಗಿರಿ ದಾಟಿ ಬ್ಯಾರೇಜಿನ ಕೆಳಗ ನಮ್ಮ ಓಣಿ.
ಇಲ್ಲೂ ಏರತದ, ಇಲ್ಲೂ ಇಳೀತದ.
ಗೇಟು ಮುಚ್ಚಿದರ ಹೊಳಿ ಸಣಕಲಾಗಿ
ಬಂಡೆಗಲ್ಲಿನ ಸಂದ್ಯಾಗ ಹೊಕ್ಕೋತದ;
ತಗ್ಗಿನಾಗ ಉಳದ ಗೆಂಡಿ, ಹಾವುಮೀನು, ಜಿಲೇಬಿ
ಬುಟ್ಟಿ ಬೋರಲ ಹಾಕಿ ಹಿಡೀಬಹುದು,
ಹುಡುಗೂರು ಸಾಲಿ ತಪ್ಪಿಸಿ ಬಂದು ತೋಯಸ್ಕೋತಾವ.
ಗೇಟು ತೆಗೆದರ ಬಾಳಿಮೀನು ಎದುರು ಈಜತಾವ,
ಹಳ್ಳದ ಬಾಯಿಗೆ ಬಲಿ.
ಎರಡರಾಗೂ ಲಾಭ ಅದ, ಹೊತ್ತು ಗೊತ್ತಿದ್ದರ.

ಪಂಚಾಂಗದಾಗ ರಾಹುಕಾಲ ಅದ, ಗುಳಿಕಕಾಲ ಅದ,
ಗೇಟುಕಾಲ ಇಲ್ಲ.
ಸೈರನ್ನು ಕೆಟ್ಟು ಅದರ ಬಾಯಾಗ ಗುಬ್ಬಿ ಸಂಸಾರ.
ಮ್ಯಾಲ ಎಲ್ಲೋ ಮಹಾರಾಷ್ಟ್ರದಾಗ ಮಳಿ,
ಇಲ್ಲಿ ಸುಡೋ ಬಿಸಲಾಗ ಹೊಳಿ ಬರತದ.
ಊರಿಗೆ ಬಂದ ಮೊದಲ ವರ್ಷ ಅಮಾಸಿ ನೋಡಿ ಬಲಿ ಕಟ್ಟಿದ ಕಾಕಾ
ಎರಡು ಪುಟ್ಟಿ, ಒಂದು ಬಲಿ, ಒಂದು ಆಡು ಕಳಕೊಂಡ.
ಆಡು ಯಾಕ ಹೊಳ್ಯಾಗಿತ್ತು ಅಂತ ಕೇಳಬ್ಯಾಡ್ರಿ.

ನನ್ನ ಮಗಳ ಎರಡುಗೆರಿ ನೋಟ್‌ಬುಕ್ಕಿನಾಗ
ತಾರೀಖು, ತಾಸು, ಎಷ್ಟು ಏರಿತು: ಮೊಣಕಾಲು, ಟೊಂಕ, ಎದಿ.
ಹೇಳಾಂವ ಅವ, ಬರಿಯಾಕಿ ನಾ.
ನಾಕು ತಿಂಗಳು ಬರದರೂ ನೀರಿನ ಲೆಕ್ಕ ಕೂಡಲಿಲ್ಲ.

ಬಂದಗಿಸಾಬ ಗೇಟಿನ ಆಪರೇಟರು,
ಮುಳ್ಳು ಜಾಸ್ತಿ ಇದ್ದ ಮೀನೇ ರುಚಿ ಅನ್ನೋ ಮನುಷ್ಯ.
ಒಂದಿನ ಗೆಂಡಿ ಒಯ್ದು ರೊಕ್ಕ ಕೊಡಾಕ ಬಂದ, ಬ್ಯಾಡ ಅಂದೆ.
‘ಹಂಗಾರ ನಂಬರ್ ಕೊಡವ್ವ ದೇವಕ್ಕೆಮ್ಮ’ ಅಂದ.
ಆವತ್ತಿನಿಂದ ಗುಂಡಿ ಒತ್ತೂಕಿಂತ ಮೊದಲು ಮಿಸ್‌ಕಾಲ್.
ಒಂದು ರಿಂಗಿಗೆ ಒಂದು ಗೇಟು.
ಮೂರು ರಿಂಗಾದರ ಬಲಿ ಬಿಡು, ಪುಟ್ಟಿ ಹೊತ್ತು ಓಡು.
ಎತ್ತಬಾರದು. ಎತ್ತಿದರ ಅವನ ನೌಕರಿಗೆ ಮಾತು.

ಕಾಕಾ ಫೋನು ಪ್ಲಾಸ್ಟಿಕ್ಕಿನಾಗ ಸುತ್ತಿ
ರುಮಾಲದಾಗ ಸಿಗಸ್ಕೊಂಡು ನೀರಿಗೆ ಇಳೀತಿದ್ದ.
ತಲಿಮ್ಯಾಲ ಚಂದ್ರನ್ನ ಇಟ್ಟಕೊಂಡ ಶಿವ ಬಂದ ನೋಡ್ರಿ,
ಅಂತ ಓಣಿ ನಗತಿತ್ತು.
ಏಳು ವರ್ಷ. ಒಂದು ಬಲಿ ಹೋಗಲಿಲ್ಲ.

ಸಾಬ ರಿಟೈರ್ ಆದ. ಈಗ ಗುಂಡಿ ಕಲಬುರಗಿ ಆಫೀಸಿನಾಗ ಅದ ಅಂತಾರ,
ಇಲ್ಲಿ ಒಬ್ಬ ಹುಡುಗ ಕುರ್ಚಿ ಕಾಯತಾನ.
ನಾವು ತಿರುಗಿ ನೊರಿ ನೋಡತೀವಿ,
ನೀರುಕಾಗಿ ಎದ್ದರ ಏಳತೀವಿ,
ಸುಣ್ಣ ಬಳದ ಕಲ್ಲು ಮುಳುಗತದೇನು ಅಂತ
ಬ್ಯಾಟರಿ ಬಿಡತೀವಿ.

ಮೊನ್ನೆ ರಾತ್ರಿ ಫೋನು ಬಡೀತು. ಒಂದು ರಿಂಗ್.
ಕಾಕಾ ಹಾರಿ ಎದ್ದ, ನಾನೂ ಇಳದೆ,
ಕತ್ತಲಾಗ ಗೂಟ ಕಿತ್ತು ಬಲಿ ಎಳದು
ದಂಡಿಮ್ಯಾಲ ಕುಂತಿವಿ.
ಸುಣ್ಣದ ಕಲ್ಲು ಬೆಳ್ಳಗ ಹಂಗೇ ಇತ್ತು.
ತಗ್ಗಿನಾಗ ಒಂದೊಂದು ಮೀನು ಪಟಕ್ಕನ ಹೊಳ್ಳತಿತ್ತು.
ಬೆಳಗಾತು.
ತಿರುಗಿ ಹಚ್ಚಿ ಕೇಳಬೇಕಂದೆ. ಕಾಕಾ ಬ್ಯಾಡ ಅಂದ.

ನೋಟ್‌ಬುಕ್ ತೆಗೆದೆ:
ಗುರುವಾರ, ರಾತ್ರಿ ಎರಡೂ ಹತ್ತು, ಒಂದು ರಿಂಗ್.
ನೀರಿನ ಮನಿ ಖಾಲಿ ಬಿಟ್ಟೆ.
‘ಬಂತು ಅಂತ ಬರಿ’ ಅಂದ ಕಾಕಾ,
ತಗ್ಗಿಗೆ ಬುಟ್ಟಿ ಬೋರಲ ಹಾಕಿ
ಗೆಂಡಿ ಅಷ್ಟೇ ಆರಸತಿದ್ದ,
ಮುಳ್ಳು ಜಾಸ್ತಿ ಇದ್ದದ್ದು.