ಒಂದೂವರೆ ಕಿವಿ

ಅಳತೆ ಟೇಪು, ಡ್ರಿಲ್ಲು, ಎರಡು ಸುರುಳಿ ತಾಮ್ರದ ತಂತಿ.
ದುರ್ಗಿಗುಡಿಯ ಅಂಗಡಿಯಿಂದ ಬೈಕಿಗೆ ಬಿಗಿದುಕೊಂಡು
ಭದ್ರಾವತಿ ಮುಟ್ಟಿದಾಗ ಹನ್ನೊಂದು ಗಂಟೆ.
ಜನ್ನಾಪುರ, ನೀಲಿ ಗೇಟು,
ಮಾರ್ಚಿನ ಬಿಸಿಲಿಗೆ ಚಿಲಕ ಮುಟ್ಟಿದರೆ ಚುರ್ ಅನ್ನುತ್ತಿತ್ತು.

"ಇದಾಯತ್, ಒಂದೇ ಸಾಲಲ್ವೇನಪ್ಪಾ?"
ಬಾಗಿಲಲ್ಲೇ ಹಿಡಿದರು ಕನಕಾಂಬಕ್ಕ.
"ಇಡ್ಲಿಗೊಂದು ಒಲೆ, ದೋಸೆಗೊಂದು ಒಲೆ
ಹೂಡ್ತಾರಾ ಯಾರಾದ್ರೂ?"

ಫೋನಿನಲ್ಲಿ ನಾನೂ ಅದನ್ನೇ ಅಂದಿದ್ದೆ.
ಮುನಿರತ್ನಂ ಜಗ್ಗಲಿಲ್ಲ.
"ಹಾಲಿನಲ್ಲಿ ಐದು ಪೆಟ್ಟಿಗೆ, ಒಂದು ಗುಡುಗಿನ ಡಬ್ಬ. ಅದು ಮನೆಮಂದಿಗೆ.
ಹಿಂದಿನ ಕೋಣೆಗೆ ಎರಡೇ ಎರಡು. ಅದು ನನಗೆ.
ದುಡ್ಡು ನನ್ನ ಗ್ರಾಚ್ಯುಟಿದು. ನೀನು ತಂತಿ ಎಳಿ."

ಎಳೆದೆ.
ಹಾಲಿನ ಕೆಲಸ ಸಲೀಸು.
ಟೀವಿಯ ಕೆಳಗೆ ನಡುವಿನ ಪೆಟ್ಟಿಗೆ, ಮಾತೆಲ್ಲ ಅದರ ಪಾಲು;
ಬೆನ್ನ ಹಿಂದಿನ ಎರಡಕ್ಕೆ ಕುದುರೆ, ಗಾಳಿ, ಬೆನ್ನಟ್ಟಿ ಬರುವವರ ಹೆಜ್ಜೆ.
ಪರೀಕ್ಷೆಗೆಂದು ಒಂದು ಲಾರಿ ಉರುಳಿಸಿದೆ.
ಶೋಕೇಸಿನ ಗಾಜಿನ ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ,
ಸುಗುಣಳ ಅವಳಿ ಹುಡುಗರು "ಇನ್ನೊಂದ್ ಸಲ, ಇನ್ನೊಂದ್ ಸಲ".
ಸೋಫಾದಲ್ಲಿರಲಿ, ನೆಲದಲ್ಲಿರಲಿ, ಅಡುಗೆಮನೆ ಬಾಗಿಲಿಗೆ ಒರಗಿರಲಿ,
ಎಲ್ಲಿದ್ದರೂ ಸಿನಿಮಾ ಹುಡುಕಿಕೊಂಡು ಬರುತ್ತದೆ.

ಹಿಂದಿನ ಕೋಣೆ ಹಾಗಲ್ಲ.
ಪೆಟ್ಟಿಗೆಯಿಂದ ಪೆಟ್ಟಿಗೆಗೆ ಏಳಡಿ,
ಎರಡರಿಂದಲೂ ಕುರ್ಚಿಗೆ ಏಳಡಿ.
ಒಂದೇ ಕುರ್ಚಿ.
ಅಲ್ಲಿ ಕೂತವನಿಗೆ ಹಾಡುವವರು ಪೆಟ್ಟಿಗೆಯಲ್ಲಿ ಇರುವುದಿಲ್ಲ,
ನಡುವೆ, ಏನೂ ಇಡದ ಜಾಗದಲ್ಲಿ, ನಿಂತಿರುತ್ತಾರೆ.
ಅಂಗೈಯಗಲ ಸರಿದರೂ ಮುನಿಸು,
ಹೋಗಿ ಪಕ್ಕದ ಪೆಟ್ಟಿಗೆ ಸೇರಿಕೊಳ್ಳುತ್ತಾರೆ.

ನಾನು ಕೂತು ನೋಡಿದೆ.
ತಂಬೂರಿ ಹಬ್ಬಿತು; ಹೆಣ್ಣುದನಿ
ಗೋಡೆಯ ಕ್ಯಾಲೆಂಡರಿನ ಮೊಳೆಗೆ ನೇರ.
"ಬನ್ನಿ" ಅಂದೆ.
ಅವರು ಕೂತರು, ಕಣ್ಣು ಮುಚ್ಚಿದರು,
ಬಹಳ ಹೊತ್ತಿನ ಮೇಲೆ ಎಡಕ್ಕೆ ಕೈ ಚಾಚಿ,
"ಇಲ್ಲಿದ್ದಾಳೆ" ಅಂದರು.

ಟೇಪು ಹಿಡಿದೆ. ಏಳಡಿ. ಏಳಡಿ.
ಎಡದ ತಂತಿ ಬಲಕ್ಕೆ, ಬಲದ್ದು ಎಡಕ್ಕೆ ಹಾಕಿದೆ.
ಎಡಗಡೆಯೇ.
ಪೆಟ್ಟಿಗೆಗಳನ್ನೇ ಅದಲುಬದಲು ಮಾಡಿ ಬೆವರು ಒರೆಸಿಕೊಂಡೆ.
ಇನ್ನೂ ಎಡಗಡೆಯೇ.
ಅಷ್ಟರಲ್ಲಿ ಕನಕಾಂಬಕ್ಕ ಮಜ್ಜಿಗೆ ತಂದವರು
ಕುರ್ಚಿಯ ಹಿಂದಿನಿಂದ ಸುತ್ತಿಕೊಂಡು, ಗಂಡನ ಎಡಕ್ಕೆ ಬಂದು,
"ತಗೊಳ್ಳಿ" ಅಂದರು.
ಬಾಗಿಲು ಇದ್ದದ್ದು ಬಲಕ್ಕೆ.

ರೋಲಿಂಗ್ ಮಿಲ್ಲು. ಇಪ್ಪತ್ತೊಂಬತ್ತು ವರ್ಷ.
ಕೆಂಪಗೆ ಕಾದ ಸರಳು ಹಾವಿನಂತೆ ಓಡುವ ಸಾಲಿನ
ಎಡಕ್ಕೆ ನಿಂತೂ ನಿಂತೂ
ಬಲಗಿವಿಯನ್ನು ಅಲ್ಲೇ ಒಪ್ಪಿಸಿ ಬಂದಿದ್ದರು.
ಕಿವಿಗೊಡಿ ಅನ್ನುತ್ತೇವೆ ಸಲೀಸಾಗಿ.
ಕೊಡಲಿಕ್ಕೆ ಇವರ ಹತ್ತಿರ ಉಳಿದದ್ದು ಒಂದೂವರೆ.

ಆಂಪ್ಲಿಫಯರಿನ ಮೇಲೊಂದು ಸಣ್ಣ ತಿರುಗಣೆ ಇದೆ,
ಹನ್ನೆರಡರ ನೇರಕ್ಕೆ ಇಟ್ಟು ಮರೆತುಬಿಡುವಂಥದ್ದು.
ಅದನ್ನು ಮುಟ್ಟಿದ ಗಿರಾಕಿಗಳ ಕೈಯನ್ನು ನಾನೇ ತಟ್ಟಿದ್ದೇನೆ.
ತಿರುಗಿಸಿದೆ.
ಒಂದು ಗಂಟೆ. ಒಂದೂಕಾಲು. ಒಂದೂವರೆ.

"ನಿಲ್ಲು" ಅಂದರು.
ನನಗೋ, ಅವಳಿಗೋ.

ಗೋಡೆಗೊರಗಿದ್ದ ನನ್ನ ಕಿವಿಗೆ ಹಾಡು ಪೂರ್ತಿ ಬಲಕ್ಕೆ ವಾಲಿತ್ತು,
ಚಕ್ರ ಕಳಚಿದ ಗಾಡಿಯ ಹಾಗೆ.
ಹಾಲಿನಲ್ಲಿ ಹೀಗೆ ತಿರುಗಿಸಿದ್ದರೆ ಮನೆಯವರೆಲ್ಲ ಬೈಯುತ್ತಿದ್ದರು.
ಇವರೋ, ಇಷ್ಟು ವರ್ಷ
ಎಡಕ್ಕೆ ಒತ್ತಿದ ಹಾಡನ್ನೇ ಕೇಳಿಕೊಂಡು
ಯಾರನ್ನೂ ಬೈದವರಲ್ಲ.

ಬಿಲ್ಲು ಬರೆದು ಚೀಲ ಕಟ್ಟುತ್ತಿದ್ದೆ.
"ಯಾವುದಪ್ಪ ಅದು, ನೀನು ತಿರುಗಿಸಿದ್ದು?" ಕನಕಾಂಬಕ್ಕ.
ತೋರಿಸಿದೆ.
ಸುಗುಣಳ ಉಗುರುಬಣ್ಣದ ಸೀಸೆ ತಂದು
ಒಂದೂವರೆಯ ಜಾಗಕ್ಕೆ ಕೆಂಪು ಚುಕ್ಕೆ ಇಟ್ಟು, ಊದಿ,
"ಧೂಳು ಒರೆಸುವಾಗ ಕೈ ತಾಗೀತು" ಅಂದರು.